ಅಕ್ಕೋರ ಮನೆಯ ಮೂರು ಬಟ್ಟಲು ಸಾಕೆ

ಮೊನ್ನೆ ಅನ್ನ ಬಸಿಯುತ್ತಿದ್ದೆ. ಪಾತ್ರೆಯಿಂದೆದ್ದ ಬಿಸಿ ಗಂಜಿಯ ಹಬೆ ಮುಖಕ್ಕೆ ಬಡಿಯಿತು. ಸಿಹಿಯೂ ಅಲ್ಲದ, ಸಪ್ಪೆಯೂ ಅಲ್ಲದ ಆ ವಾಸನೆಗೆ ಪುಣೆ ಹತ್ತಿರದ ತಳೇಗಾಂವದ ಒಂದು ಮನೆ, ಆ ಮನೆಯ ಅಕ್ಕೋರು ನೆನಪಾದರು…

ಬೆಳಗಾವಿ ಕಡೆಯವರು. ಅಲ್ಲೇ ಸಮೀಪದ ಚಾಕಣದ ಕಾರ್ಖಾನೆಯೊಂದರಲ್ಲಿ ಜಪಾನಿ ಎಂಜಿನಿಯರುಗಳಿಗೂ ನಮ್ಮ ಕೆಲಸಗಾರರಿಗೂ ನಡುವೆ ಬಹಳ ವರ್ಷ ದುಭಾಷಿಯಾಗಿದ್ದರು. ನಿವೃತ್ತಿಯ ನಂತರ ಮನೆಯಲ್ಲೇ ಜಪಾನಿ ಕಲಿಸುತ್ತಿದ್ದರು. ಮದುವೆಯಾಗಿ ಧಾರವಾಡದಿಂದ ಅವರಿದ್ದ ಕಾಲನಿಗೇ ಬಂದಿದ್ದ ನಾನು, ಅವರ ಹಾಗೆ ದುಭಾಷಿಯಾಗುವ ಆಸೆಯಿಂದ ಪಾಠಕ್ಕೆ ಸೇರಿದೆ.

ತಮ್ಮ ಊರಿಗೆ ಹೋಗಿ ಬಂದ ಎಂಜಿನಿಯರುಗಳು ಅವರಿಗೆ ಸಾಕೆ ತಂದುಕೊಡುತ್ತಿದ್ದರು. ಅಕ್ಕಿಯಿಂದ ಮಾಡುವ ಜಪಾನಿನ ಮದ್ಯ. ಅಕ್ಕೋರು ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ, ಮೆರೆಸುತ್ತಲೂ ಇರಲಿಲ್ಲ. ರವಿವಾರ ಮಧ್ಯಾಹ್ನ ಪಾಠ ಮುಗಿದ ಮೇಲೆ ಮೂರು ಬಿಳಿ ಪಿಂಗಾಣಿ ಬಟ್ಟಲು ಇಟ್ಟು, ಒಂದೊಂದರಲ್ಲಿ ಒಂದೊಂದು ಬಗೆ, ಎರಡು ಗುಟುಕಿನಷ್ಟು ಸುರಿಯುತ್ತಿದ್ದರು. ಮೊದಲ ದಿನ ಆ ಹೆಸರನ್ನೇ ಪ್ರಶ್ನೆಯೆಂದು ತಿಳಿದು ನಾನು ಬಾಟಲಿಗೆ ಕೈ ಅಡ್ಡ ಹಿಡಿದು "ಸಾಕ್ರಿ" ಅಂದುಬಿಟ್ಟೆ. ಅವರು ಕಣ್ಣೀರು ಬರುವಷ್ಟು ನಕ್ಕರು.

ಒಂದರಲ್ಲಿ ಅನ್ನದ ತೂಕವಿರುತ್ತಿತ್ತು. ಅಕ್ಕಿಯನ್ನು ಅರ್ಧದಷ್ಟು ತಿಕ್ಕಿ ತೆಗೆದು ಮಾಡಿದ ಇನ್ನೊಂದರಲ್ಲಿ ಹಣ್ಣಿನ ಪರಿಮಳ. ಸರಿಯಾಗಿ ಸೋಸದ ಮತ್ತೊಂದು ಮಜ್ಜಿಗೆಯ ಹಾಗೆ ಬೆಳ್ಳಗೆ. ನಡುನಡುವೆ ಒಂದು ಹಿಡಿ ಸಪ್ಪೆ ಚುರುಮುರಿ. ರುಚಿ ಹೇಗಿದೆಯೆಂದು ನಮ್ಮ ಅಡುಗೆಮನೆಯ ಮಾತಿನಲ್ಲೇ ಹೇಳಬೇಕಿತ್ತು. ಸುಮ್ಮನೆ "ಚಲೋ ಅದ್ರಿ" ಅಂದರೆ ಒಪ್ಪುತ್ತಿರಲಿಲ್ಲ.

"ಚಲೋ ಅನ್ನೂದು ರುಚಿ ಅಲ್ಲ, ತಂಗಿ. ಅದು ಮರ್ಯಾದಿ," ಎನ್ನುತ್ತಿದ್ದರು.

ಒಂದು ಬೇಸಿಗೆ ಅವರಿಗೆ ಜ್ವರ ಬಂದು ಹೋಯಿತು. ಅಲ್ಲಿಂದ ಮುಂದೆ ಪ್ರತಿ ಬಟ್ಟಲಿಗೂ ನನ್ನನ್ನೇ ಮೊದಲು ಹೇಳಿಸುತ್ತಿದ್ದರು. ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅದೇ ಹೊತ್ತಿಗೆ, ಅವರ ಜೊತೆ ಮೊದಲಿನಿಂದ ಕೆಲಸ ಮಾಡಿದ ಒಬ್ಬ ಎಂಜಿನಿಯರ್ ಕಾಯಂ ಆಗಿ ಜಪಾನಿಗೆ ಮರಳುವವರಿದ್ದರು. ಅಕ್ಕೋರು ಅವರನ್ನು ಬೀಳ್ಕೊಡಲು ಮನೆಗೆ ಕರೆದರು. ಕಾಯಿಸದೆ ಬಾಟಲಿಗೆ ತುಂಬಿದ, ತಂಪು ತಪ್ಪಿದರೆ ಕೆಡುವ ಹಸಿ ಸಾಕೆಯೊಂದನ್ನು ಅವರಿಗೆಂದೇ ಫ್ರಿಜ್ಜಿನಲ್ಲಿ ಕಾದಿಟ್ಟಿದ್ದರು. ಆ ವಾರ ಎರಡು ದಿನ ಕರೆಂಟು ಹೋಗಿತ್ತು.

ಹಿಂದಿನ ಸಂಜೆ ನನ್ನನ್ನು ಕರೆದು ರುಚಿ ನೋಡಲು ಹೇಳಿದರು. ಬಾಯಿಗಿಟ್ಟರೆ ಹುಳಿ. ಆದರೆ ಅವರ ಬಾಟಲಿಯಲ್ಲಿ ತಪ್ಪು ಹುಡುಕಲು ನಾನ್ಯಾರು, ನನ್ನ ನಾಲಗೆಯೇ ಸರಿಯಿಲ್ಲವೇನೋ ಎಂದು ಹೆದರಿ, "ಮಾವಿನ ಹಣ್ಣಿನ ವಾಸನಿ ಬರ್ತದ್ರಿ" ಅಂದೆ. ಅವರು ತೃಪ್ತಿಯಿಂದ ಮುಚ್ಚಳ ಹಾಕಿದರು.

ಮರುದಿನ ಅತಿಥಿ ಒಂದು ಗುಟುಕು ಕುಡಿದು, ಒಂದು ಕ್ಷಣ ತಡೆದು, ಬಟ್ಟಲು ಕೆಳಗಿಟ್ಟು ನಕ್ಕರು. ಅಕ್ಕೋರು ನನ್ನ ಮುಖ ನೋಡಿದರು. ನನಗೆ ತಡೆಯಲಾಗಲಿಲ್ಲ.

"ಅಕ್ಕೋರೆ, ಅದು ಹುಳಿ ಆಗ್ಯದ್ರಿ. ನನಗ ನಿನ್ನೇನ ಗೊತ್ತಾಗಿತ್ತು."

ಅವರು ಬೈಯಲಿಲ್ಲ. ಅತಿಥಿಯ ಕಡೆ ತಿರುಗಿ ನಾನು ಅಂದದ್ದನ್ನು ಹಾಗೆಯೇ ಜಪಾನಿಯಲ್ಲಿ ಹೇಳಿದರು. ಆಮೇಲೆ ತಮ್ಮದೊಂದು ಮಾತು ಸೇರಿಸಿದರು: ಜ್ವರದ ನಂತರ ತನಗೆ ಯಾವ ವಾಸನೆಯೂ ರುಚಿಯೂ ತಿಳಿಯುತ್ತಿಲ್ಲ, ತಾನು ನಂಬಿದ್ದು ಈ ಹುಡುಗಿಯ ಮೂಗನ್ನು, ಆದರೆ ಅದನ್ನು ಅವಳಿಗೆ ಹೇಳದೆ ಇದ್ದದ್ದು ತನ್ನ ತಪ್ಪು. ಅವರ ನಷ್ಟ ನನಗೆ ತಿಳಿದದ್ದು ಹೀಗೆ, ಅವರೇ ಕಲಿಸಿದ ಭಾಷೆಯಲ್ಲಿ… ಪ್ರತಿ ಶಬ್ದವೂ ಅರ್ಥವಾಯಿತು.

ಅತಿಥಿ ತಲೆಬಾಗಿ ಮೆಲ್ಲಗೆ ಏನೋ ಹೇಳಿದರು. ಅಕ್ಕೋರು ಅದನ್ನು ನನಗೆ ಕನ್ನಡದಲ್ಲಿ ಕೊಟ್ಟರು. "ಹುಳಿ ಅನ್ನೂ ಧೈರ್ಯ ತಮಗೂ ಇರಲಿಲ್ಲ ಅಂತಾರ." ಮೂವರೂ ನಕ್ಕೆವು. ಬೇರೆ ಬಾಟಲಿ ತೆರೆದರು. ನಾನು ಮೂಸಿ, ಸವಿದು, ಕಂಡದ್ದನ್ನಷ್ಟೇ ಹೇಳಿದೆ. ಅಕ್ಕೋರು ಕಣ್ಣು ಮುಚ್ಚಿ ಕೇಳಿಸಿಕೊಂಡು, ಆಮೇಲೆ ಗುಟುಕರಿಸಿದರು.

ಅವರ ಮೂಗು ಮತ್ತೆ ತಿರುಗಿ ಬರಲಿಲ್ಲ. ಅದಕ್ಕಾಗಿ ಮರುಗಿದ್ದನ್ನು ನಾನು ನೋಡಲಿಲ್ಲ. ಒಬ್ಬರೇ ಇದ್ದಾಗ ಮರುಗಿದರೋ ಏನೋ. ರವಿವಾರಗಳು ನಿಲ್ಲಲಿಲ್ಲ. ನಾನು ಒಂದಿಷ್ಟು ಬಣ್ಣ ಹಚ್ಚಿ ಹೇಳಿದರೆ ಸಾಕು, ವಾಸನೆ ಇಲ್ಲದೆಯೂ ಅವರಿಗೆ ಗೊತ್ತಾಗುತ್ತಿತ್ತು. ಬಟ್ಟಲನ್ನು ನನ್ನ ಕಡೆ ಸರಿಸಿ, "ಇನ್ನೊಮ್ಮಿ ನೋಡು" ಎನ್ನುತ್ತಿದ್ದರು. ಮುಂದೆ ನನಗೂ ಚಾಕಣದಲ್ಲೇ ದುಭಾಷಿಯ ಕೆಲಸ ಸಿಕ್ಕಿತು. ಸಭೆಗಳಲ್ಲಿ ಕಹಿ ಮಾತು ಬಂದಾಗ ತಿದ್ದಿ ಹೇಳುವ ಆಸೆಯಾಗುತ್ತದೆ. ತಿದ್ದುವುದಿಲ್ಲ.

ಹೋದ ವರ್ಷ ಅಕ್ಕೋರು ತೀರಿಕೊಂಡರು.

ಕಳೆದ ರವಿವಾರ, ಕಾರ್ಖಾನೆಗೆ ಹೊಸದಾಗಿ ಬಂದವರೊಬ್ಬರು ಕೊಟ್ಟ ಬಾಟಲಿಯನ್ನು ಮನೆಯಲ್ಲಿ ತೆರೆದೆ. ಏನೋ ಒಂದು ವಾಸನೆ, ಮೊದಲು ಹಿಡಿತಕ್ಕೆ ಸಿಗಲಿಲ್ಲ. ಎರಡು ಸಲ ಮೂಸಿದೆ. ಮೂರನೆಯ ಸಲಕ್ಕೆ ಹೊಳೆಯಿತು: ಆಗಷ್ಟೇ ಹೊಲದಿಂದ ಕಿತ್ತು ಸುಲಿದ ಹಸಿ ಶೇಂಗಾ. ಅಷ್ಟು ಸರಿಯಾದ ಮಾತು ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿರಲಿಲ್ಲ. ಹೇಳಲು ತಲೆಯೆತ್ತಿದೆ… ಎದುರಿನ ಕುರ್ಚಿ ಖಾಲಿಯಿತ್ತು.