ಐಸ್ ಕೆರೆಗೆ ಮಣಿಪಾಲದಿಂದ ಒಂದು ಜಿಪಿಎಸ್

ಫೋನಿನಲ್ಲಿ ಮೊದಲು ಉದ್ದನೆಯ ನರಳಿಕೆ ಕೇಳಿಸಿತ್ತು. ಅದರ ಹಿಂದೆಯೇ ಯಾರೋ ದೊಡ್ಡ ಹಲಗೆ ಸೀಳಿದ ಹಾಗೆ ಚಟೀರೆಂಬ ಸದ್ದು. "ಕೇಳಿತಾ ಅಕ್ಕ? ಕೆರೆ ಮಾತಾಡ್ತಾ ಉಂಟು," ಎಂದಿದ್ದ ಕೆನಡಾದಿಂದ ನನ್ನ ತಮ್ಮ ಫ್ರೆಡ್ಡಿ. ಹೆಪ್ಪುಗಟ್ಟಿದ ಕೆರೆಯ ಮೇಲೆ ಸ್ಟೂಲ್ ಹಾಕಿ ಕೂತು, ಐಸಿಗೆ ತೂತು ಕೊರೆದು, ಗಾಳ ಇಳಿಸಿ ಮೀನು ಹಿಡಿಯುವುದು ಅವನ ರಿಟೈರ್ಮೆಂಟಿನ ಹುಚ್ಚು. ಕಳೆದ ಚಳಿಗಾಲ ಅಲ್ಲಿ ಹಿಮಗಾಳಿ ಎದ್ದು, ದಡ ಕಾಣದೆ, ತನ್ನ ಗಾಡಿಯ ಆಸುಪಾಸಿನಲ್ಲೇ ಗಂಟೆಗಟ್ಟಲೆ ಅಲೆದನಂತೆ. ಚಳಿಗೆ ಫೋನ್ ಸತ್ತಿತ್ತು. ಯಾರೋ ಅಪರಿಚಿತರು ಕಂಡು ದಡ ಸೇರಿಸಿದರು. ಇದನ್ನು ಅವನು ಜೋಕಿನಂತೆ ಹೇಳಿದ. ನಾನು ನಗಲಿಲ್ಲ.

ನವೆಂಬರಿನಲ್ಲಿ ಅವನು ಸಂತೆಕಟ್ಟೆಯ ನನ್ನ ಮನೆಗೆ ಬಂದ. ಕೆರೆಗೆ ಹೋಗಬೇಡ ಎಂದರೆ ಕೇಳುವವನಲ್ಲ, ಚಿಕ್ಕಂದಿನಿಂದಲೂ ಸ್ಟಬರ್ನ್. ಹಾಗಾಗಿ ದಾರಿ ತೋರಿಸುವ ಒಂದು ಹ್ಯಾಂಡ್‌ಹೆಲ್ಡ್ ಜಿಪಿಎಸ್ ಕೊಡಿಸಿಯೇ ಕಳಿಸುವುದೆಂದು ನಿಶ್ಚಯಿಸಿದೆ. ಅಲ್ಲಿಯೇ ಕೊಳ್ಳುತ್ತೇನೆ ಎಂದು ಅವನು ವರ್ಷವಿಡೀ ಹೇಳಿದ್ದ, ಕೊಂಡಿರಲಿಲ್ಲ. ಹೊರಡುವ ದಿನದ ವಿಮಾನ ರಾತ್ರಿಗಿತ್ತು. ಸೂಟ್‌ಕೇಸನ್ನು ಡಿಕ್ಕಿಗೆ ಹಾಕಿ, ಬೆಳಿಗ್ಗೆಯೇ ಸದಾನಂದನ ಬಾಡಿಗೆ ಕಾರಿನಲ್ಲಿ ಉಡುಪಿ ದಾಟಿ ಮಣಿಪಾಲ ಹತ್ತಿದೆವು.

ಅಂಗಡಿಯ ಹುಡುಗಿ ಎರಡು ಯಂತ್ರ ಮುಂದಿಟ್ಟಳು. ಒಂದು ಅಗಲ ಪರದೆಯದು, ಬೆರಳು ಸೋಕಿದರೆ ಸಾಕು, ಬಣ್ಣಬಣ್ಣದ ನಕ್ಷೆ. ಇನ್ನೊಂದು ದಪ್ಪ ಗುಂಡಿಗಳದ್ದು, ಪೆನ್ಸಿಲ್ ಸೆಲ್ ಹಾಕುವಂಥದ್ದು. ಫ್ರೆಡ್ಡಿಯ ಕಣ್ಣು ಮೊದಲನೆಯದರ ಮೇಲೆ. ನಾನು ಬ್ಯಾಗಿನಿಂದ ಅವನ ಉಣ್ಣೆಯ ಗ್ಲೌಸ್ ತೆಗೆದೆ.

"ಎಂತ ಅಕ್ಕ, ಈ ಸೆಕೆಯಲ್ಲಿ?"

"ನಿನ್ನ ಕೆರೆಯಲ್ಲಿ ಸೆಕೆ ಉಂಟಾ? ಹಾಕು."

ಹಾಕಿಕೊಂಡು ಒತ್ತಿದ, ಉಜ್ಜಿದ, ಗುದ್ದಿದ. ಅಗಲ ಪರದೆ ಕದಲಲಿಲ್ಲ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಗುಂಡಿಯದು ಮಾತ್ರ ಕಿಂಯ್ ಎಂದು ಮಾತು ಕೇಳಿತು. ಚಳಿಗೆ ತಾಳುವ ಲಿಥಿಯಮ್ ಸೆಲ್‌ಗಳನ್ನೂ ಕೇಳಿ ತೆಗೆದುಕೊಂಡೆ. "ಹೊರಟ ಜಾಗವನ್ನು ಮೊದಲು ಮಾರ್ಕ್ ಮಾಡಿ ಅಂಕಲ್," ಎಂದು ಹುಡುಗಿ ಎರಡು ಸಲ ಹೇಳಿದಳು. ಫ್ರೆಡ್ಡಿ ಪೊಲೈಟಾಗಿ ತಲೆ ಆಡಿಸಿದ.

ಪರೀಕ್ಷೆಗೆ ಕೆರೆಯೇ ಬೇಕೆಂದು ಅವನ ಹಟ. ಹಿರಿಯಡಕದಲ್ಲಿ ಗೋಳಿಬಜೆ ಮತ್ತು ಚಹಾ ಮುಗಿಸಿ ಕಾರ್ಕಳ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಆನೆಕೆರೆಯ ಹತ್ತಿರ ಮರದ ನೆರಳಿನಲ್ಲಿ ಕಾರು ನಿಂತಿತು. ನೀರಿನ ನಡುವೆ ಬಸದಿ, ಸುತ್ತ ಒಂದು ಸುಕ್ಕೂ ಇಲ್ಲದ ನೀರು. ಫ್ರೆಡ್ಡಿ ಕೆರೆಯನ್ನು ಬಳಸುವ ದಂಡೆಯ ಮೇಲೆ ಮುಂದೆ ಮುಂದೆ ನಡೆದ. ಮೀನು ಎದ್ದು ನೀರು ಎಲ್ಲಿ ಗುಳುಂ ಎಂದರೆ ಅಲ್ಲಿ ಗುಂಡಿ ಒತ್ತಿ ಗುರುತು ಹಾಕುವುದು. ಕೆನಡಾದ ಕೆರೆಯ ನಕ್ಷೆಯನ್ನೂ ಇನ್ನು ಹೀಗೆಯೇ ಮಾಡುತ್ತಾನಂತೆ: ಒಂದೊಂದು ತೂತಿನಲ್ಲಿ ಸೀಸದ ಗುಂಡು ಇಳಿಸಿ ಆಳ ನೋಡುವುದು, ಆ ಜಾಗವನ್ನು ಯಂತ್ರಕ್ಕೆ ಹೇಳುವುದು.

ಕಾರು ಕಾಣದಷ್ಟು ದೂರ ಬಂದ ಮೇಲೆ ನಾನು ನಿಂತೆ. "ಈಗ ಹಿಮಗಾಳಿ ಬಂತು ಅಂತ ಇಟ್ಟುಕೋ. ತಲೆ ಎತ್ತಬಾರದು. ಯಂತ್ರವನ್ನೇ ನೋಡಿಕೊಂಡು ನನ್ನನ್ನು ಕಾರಿಗೆ ಕರೆದುಕೊಂಡು ಹೋಗು."

ಅವನು ಗುಂಡಿ ಒತ್ತಿದ. ಬಾಣ ಕೆರೆಯ ಕಡೆ ತಿರುಗಿತು. ಮತ್ತೆ ಒತ್ತಿದ, ಬಾಣ ಸ್ವಲ್ಪ ಆಚೆ ಸರಿದು ಮತ್ತೆ ನೀರನ್ನೇ ತೋರಿಸಿತು. ಅವನ ಮುಖ ನೋಡಿ ನನಗೆ ವಿಷಯ ತಿಳಿಯಿತು. ಮೀನು ಇದ್ದಲ್ಲೆಲ್ಲ ಗುರುತು ಹಾಕಿದ್ದ. ಕಾರಿಗೆ ಹಾಕಿರಲಿಲ್ಲ.

ಹುಡುಕಿಕೊಂಡು ಬಂದ ಸದಾನಂದ ಬಾವುಟದ ಗುರುತುಗಳು ತುಂಬಿದ ಪರದೆಗೆ ಇಣುಕಿದ. ಅವನಿಗೆ ನಮ್ಮಂಥ ಕ್ರಿಶ್ಚಿಯನ್ ಗಂಡಸರು ಪೊರ್ಬುಗಳು, ಹೆಂಗಸರು ಬಾಯಮ್ಮ. "ಪೊರ್ಬುಗಳೇ, ಮೀನಿಗೆ ಇಷ್ಟು ಬಾವುಟ, ಬಾಯಮ್ಮನಿಗೆ ಒಂದೂ ಇಲ್ವಾ? ನಾನು ಬಾರದಿದ್ದರೆ ಈಜಿಕೊಂಡು ಹೋಗ್ತಿದ್ದಿರಾ ಮಾರಾಯ್ರೆ?"

ಫ್ರೆಡ್ಡಿ ನಕ್ಕ. ನಿಟ್ಟೆ, ಬೆಳ್ಮಣ್ಣು, ಶಿರ್ವ ದಾಟುವವರೆಗೆ ಯಂತ್ರವನ್ನು ಕೈಯಲ್ಲಿ ತಿರುಗಿಸುತ್ತ ಕೂತ. ನನ್ನೊಳಗೆ ಒಂದು ಹೆದರಿಕೆ ಕೂತಿತು. ಯಂತ್ರ ಕೊಡಿಸಬಹುದು, ಹಿಂದಿರುಗಿ ನೋಡುವ ಅಭ್ಯಾಸವನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ಕಾಪು ನಾವು ಹುಟ್ಟಿ ಬೆಳೆದ ಊರು. ದೀಪಸ್ತಂಭದ ಕೆಳಗೆ ಬಂಡೆಗೆ ಒರಗಿ ಬೊಂಡದ ಎಳನೀರು ಕುಡಿದೆವು. ಗಾಳಿಗೆ ಉಪ್ಪಿನ ವಾಸನೆ ಇತ್ತು. ನಮ್ಮ ಅಪ್ಪ ರಜೆಯ ದಿನಗಳಲ್ಲಿ ಇಲ್ಲಿನ ಮೊಗವೀರರ ದೋಣಿಯಲ್ಲಿ ಗಾಳ ಹಿಡಿದು ಹೋಗುತ್ತಿದ್ದರು, ಫ್ರೆಡ್ಡಿಯೂ ಜೊತೆಗೆ. ನೀರಿನಡಿಯ ಬಂಡೆಯ ಹತ್ತಿರ ಮೀನು ಸೇರುತ್ತದೆ. ದಡದ ಒಂದು ತೆಂಗು, ಅದರ ಹಿಂದಿನ ಒಂದು ಮನೆಯ ಮಾಡು, ಎರಡೂ ಒಂದೇ ಗೆರೆಗೆ ಬಂದರೆ ಅಲ್ಲೇ ಬಂಡೆ. ಹಾಗೆ ಜಾಗ ಹಿಡಿಯುವುದನ್ನು ಅಪ್ಪ ಅವನಿಗೆ ಕಲಿಸಿದ್ದರು.

"ಅಪ್ಪ ಮೀನಿಗೆ ಮಾತ್ರ ಗುರುತು ಇಡಲಿಕ್ಕೆ ಕಲಿಸಿದ್ದು ಅಕ್ಕ," ಎಂದ ಫ್ರೆಡ್ಡಿ, ಮೇಲೆ ದೀಪಸ್ತಂಭವನ್ನು ನೋಡುತ್ತಾ. "ದಡಕ್ಕೆ ಯಾಕೆ ಗುರುತು? ಇದು ಇತ್ತಲ್ಲ." ಬೊಂಡ ಕೆಳಗಿಟ್ಟು ಹೇಳಿದ: "ನನ್ನ ಕೆರೆಗೆ ಲೈಟ್‌ಹೌಸ್ ಇಲ್ಲ."

ಕಾನ್ವೆಂಟಿನಲ್ಲಿ ನಮಗೆ ಕಲಿಸಿದ ಡಿಸಿಪ್ಲಿನ್ ಒಂದುಂಟು, ಹೇಳಬೇಕಾದ್ದನ್ನು ಇನ್ನೊಬ್ಬರು ಹೇಳಿದರೆ ಸುಮ್ಮನಿರುವುದು.

ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಅವನನ್ನು ಸದಾನಂದ ಬಿಡುವುದು, ನಾನು ಕಾಪುವಿನಿಂದ ಬಸ್ಸಿನಲ್ಲಿ ಮನೆಗೆ ಮರಳುವುದು ಎಂದು ಮೊದಲೇ ಮಾತಾಗಿತ್ತು. ಆ ಚಳಿಗಾಲ ಪ್ರತಿ ಸಲವೂ ಅವನು ಕೆರೆಯಿಂದ ಮನೆ ಮುಟ್ಟಿ ಫೋನ್ ಮಾಡಿದ. ಐಸ್ ಕರಗಿದ ಮೇಲೆ, ಒಂದು ಬೆಳಿಗ್ಗೆ, ತನ್ನ ಹಾಸಿಗೆಯಲ್ಲೇ ನಿದ್ದೆಯಿಂದ ಏಳಲಿಲ್ಲ.

ನಾನು ಅವನನ್ನು ಕೊನೆಯದಾಗಿ ಕಂಡದ್ದು ಆ ದಿನ, ಕಾಪುವಿನ ಹೆದ್ದಾರಿಯ ಬದಿಯಲ್ಲಿ. ಕಾರು ಹತ್ತಿದವನು ಮತ್ತೆ ಇಳಿದು ಬಂದ, ಕೈಯಲ್ಲಿ ಯಂತ್ರ.

"ಎಂತ ಬಿಟ್ಟೆ?"

"ಅಲ್ಲಾಡಬೇಡ ಅಕ್ಕ. ಸ್ಯಾಟಲೈಟ್ ಸಿಗಬೇಕು."

ಕೊಡೆ ಮಡಚಿಕೊಂಡು ಬಿಸಿಲಿನಲ್ಲಿ ನಿಂತೆ. ಕುಂದಾಪುರದ ಕಡೆಯ ಬಸ್ಸೊಂದು ಹಾರ್ನ್ ಹಾಕಿ ಹೋಯಿತು. ನನ್ನದೇ ಬಸ್ಸು, ಹೋಗಲಿ ಎಂದುಕೊಂಡೆ. ಯಂತ್ರ ಕಿಂಯ್ ಎಂದಿತು.

"ಆಯಿತು," ಎಂದ ಫ್ರೆಡ್ಡಿ. "ಹೊರಟ ಜಾಗ."