ಗುಡ್ರುನ್ ಬೇಡವೆಂದಿದ್ದ ಪೆಟ್ಟಿಗೆ

ಥ್ಯುಬೊರಾನ್ ಬಂದರಿನ ಹಿಂದಿನ ಬೀದಿಯಲ್ಲಿ ಗುಡ್ರುನ್ ಲೊಡ್‌ಬರ್ಗ್‌ಳ ಆಡಿಯೊ ಅಂಗಡಿ. ಊರಿನ ಹೋಂ ಥಿಯೇಟರುಗಳೆಲ್ಲ ಅವಳ ಕೈಯಲ್ಲೇ ಜೋಡಣೆಯಾದವು. ಕಬ್ಬಿಣವನ್ನೂ ತಿನ್ನುವ ಉಪ್ಪುಗಾಳಿಯ ಊರಲ್ಲಿ ಅವಳು ಮಾರಿದ ಆಂಪ್ಲಿಫೈಯರುಗಳು ತಾಯಿಯಿಂದ ಮಗಳಿಗೆ ದಾಟಿದ್ದವು.

ಸಮುದಾಯ ಭವನದ ಸಿನಿಮಾ ಸಂಘಕ್ಕೆ ಹೊಸ ಸೆಟ್ ಬೇಕಾಯಿತು. ಇಂಟರ್ನೆಟ್ಟಿನಿಂದ ಸಿನಿಮಾ, ಹಾಡು ತರಿಸುವ ಭಾಗ ಆಂಪ್ಲಿಫೈಯರಿನೊಳಗೇ ಇರುವ ಒಂದೇ ಪೆಟ್ಟಿಗೆ ಸಾಕು, ಸದಸ್ಯರ ಮನೆಗಳಿಗೂ ಅದೇ ಇರಲಿ ಎಂದ ಅಧ್ಯಕ್ಷ ಪ್ರೆಬೆನ್.

"ಬೇಡಪ್ಪ," ಎಂದಳು ಗುಡ್ರುನ್. "ಆಂಪ್ಲಿಫೈಯರ್ ಒಂದು ತಲೆಮಾರು ಬಾಳತ್ತೆ. ಇಂಟರ್ನೆಟ್ ಭಾಗ ನಾಲ್ಕೈದು ವರ್ಷಕ್ಕೇ ಮುದಿಯಾಗತ್ತೆ. ಅದು ಬೇರೆ ಡಬ್ಬಿಯಲ್ಲಿರ್ಲಿ. ಕೆಟ್ರೆ ಅದೊಂದನ್ನೇ ಬಿಸಾಕಿದ್ರಾಯ್ತು. ಇವೆರಡಕ್ಕೂ ಮದುವೆ ಮಾಡ್ಬೇಡಿ."

"ನಿಂಗೆ ಎರಡೆರಡು ಡಬ್ಬಿ ಮಾರೋ ಆಸೆ ಕಣೇ," ಎಂದ ಪ್ರೆಬೆನ್.

ಕಾಫಿ ಲೋಟಗಳ ನಡುವೆ ನಗು ಹರಿಯಿತು. ಕೈಗಳು ಎದ್ದವು. ಅವಳು ಸೋತಳು.

ನಮ್ಮೂರಿನ ಸಭೆಗಳಲ್ಲಿ ಸೋತವರು ಮುಖ ಊದಿಸಿಕೊಂಡು ಕೂರುವಂತಿಲ್ಲ. ತೀರ್ಮಾನದಂತೆ ಅವರೇ ಮೊದಲು ನಡೆಯಬೇಕು. ಗುಡ್ರುನ್ ಭವನದಲ್ಲಿ ಪೆಟ್ಟಿಗೆ ಕೂರಿಸಿದಳು. ತನ್ನ ಮನೆಗೂ ಒಂದು ಒಯ್ದಳು. ಹಳೆಯ ಆಂಪ್ಲಿಫೈಯರನ್ನೂ ಕ್ಯಾಸೆಟ್ಟುಗಳನ್ನೂ ಗುಜರಿಗೆ ಹಾಕಿದಳು.

ಅವಳ ಗಂಡ ವೆರ್ನರ್‌ಗೆ ಪಾರ್ಶ್ವವಾಯು ಹೊಡೆದ ಮೇಲೆ ಮಾತಿಲ್ಲ. ಅವನು ಹಿಂದೆ ಹಾಡುತ್ತಿದ್ದ ಮೀನುಗಾರರ ತಂಡದ ಹಾಡು ಹಚ್ಚಿದರೆ ಮಾತ್ರ ಗಂಟಲಿನಿಂದ ರಾಗ ಹೊರಡುತ್ತಿತ್ತು. ಆ ಹಾಡುಗಳಿದ್ದದ್ದು ಹಳೆಯ ಕ್ಯಾಸೆಟ್ಟುಗಳಲ್ಲಿ ಮಾತ್ರ. ಗುಜರಿಗೆ ಹಾಕುವ ಮೊದಲು ಅವನ್ನೆಲ್ಲ ಅವಳು ಪೆಟ್ಟಿಗೆ ಕಂಪನಿಯ ಸರ್ವರಿಗೆ ಏರಿಸಿದ್ದಳು.

ಮೂರನೆಯ ಚಳಿಗಾಲ, ಭವನದಲ್ಲಿ ಸಿನಿಮಾದ ನಡುವೆ ಪೆಟ್ಟಿಗೆಯ ಬಿಳಿ ದೀಪ ಕೆಂಪಾಯಿತು. ದನಿ ನಿಂತಿತು. ಆಮೇಲೆ ದೀಪಸ್ತಂಭದ ಬಳಿಯ ಮನೆಗಳು, ಆಮೇಲೆ ಶಾಲೆಯ ಬೀದಿ. ಕೊನೆಗೊಂದು ಮಧ್ಯಾಹ್ನ ಪ್ರೆಬೆನ್ ಅಂಗಡಿಗೆ ಬಂದ. ಟೊಪ್ಪಿ ಕೈಯಲ್ಲಿತ್ತು.

"ನಂದೂ ಹೋಯ್ತು. ಇಂಟರ್ನೆಟ್ ವೈರ್ ಕಿತ್ತು, ಬರೀ ಸೀಡಿ ಹಾಕ್ದೆ. ಅದಕ್ಕೂ ಉಸಿರಿಲ್ಲ."

"ಕಂಪನಿ ಬಾಗಿಲು ಹಾಕ್ತಿದೆ. ಒಂದೊಂದು ಪೆಟ್ಟಿಗೆಯೂ ತನ್ನ ಸರದಿ ಬಂದಾಗ ಕಂಪನಿ ಸರ್ವರಿಗೆ ಹೋಗಿ ಅಪ್ಪಣೆ ಕೇಳತ್ತೆ. ಉತ್ತರ ಬರ್ಲಿಲ್ಲ ಅಂದ್ರೆ ಬಾಯ್ಮುಚ್ಕೊಂಡು ಕೂರತ್ತೆ."

"ಅವತ್ತೇ ಹೇಳಿದ್ದೆ ಅಂತ ಒಂದ್ಸಲ ಬೈದುಬಿಡು."

"ಬೈಯೋಕೂ ಪುರುಸೊತ್ತಿಲ್ಲ."

"ನಿಮ್ಮನೇದು?"

"ಬೆಳಿಗ್ಗೆ ಹಾಡ್ತಿತ್ತು."

ಅಂಗಡಿಯಲ್ಲಿದ್ದ ಪುಟ್ಟ ರೆಕಾರ್ಡರ್ ಜೇಬಿಗೆ ಹಾಕಿಕೊಂಡು ಅವಳು ಹೊರಟಳು. ಸಮುದ್ರದ ಕಡೆಯಿಂದ ಮರಳು ಹಾರಿಬಂದು ಕಿಟಕಿಗಳಿಗೆ ಬಡಿಯುತ್ತಿತ್ತು.

ಮನೆಯಲ್ಲಿ ದೀಪ ಇನ್ನೂ ಬೆಳ್ಳಗಿತ್ತು. ಅವಳು ಕೋಟು ಬಿಚ್ಚದೆ ಸ್ಪೀಕರಿನ ಮುಂದೆ ರೆಕಾರ್ಡರ್ ಇಟ್ಟು, ಮೊದಲ ಹಾಡು ಹಚ್ಚಿದಳು. ವೆರ್ನರ್ ಬೆರಳಿನಿಂದ ತಾಳ ಹಾಕುತ್ತ ರಾಗ ಎಳೆದ. ಎರಡನೆಯ ಚರಣದಲ್ಲಿ ದೀಪ ಕೆಂಪಾಯಿತು.

ವೆರ್ನರ್ ನಿಲ್ಲಿಸಲಿಲ್ಲ. ಉಳಿದ ಚರಣಗಳನ್ನು ಒಬ್ಬನೇ, ಪದಗಳಿಲ್ಲದೆ, ಕೊನೆಯವರೆಗೂ ಎಳೆದ. ರೆಕಾರ್ಡರ್ ಓಡುತ್ತಲೇ ಇತ್ತು. ಗುಡ್ರುನ್ ಅದನ್ನು ಮುಟ್ಟಲಿಲ್ಲ.

ಆಮೇಲೆ ಅವನು ಮುಂದಿನ ಹಾಡಿಗಾಗಿ ಪೆಟ್ಟಿಗೆಯತ್ತ ನೋಡುತ್ತ ಕಾದ.