ಗಾಡಿಯ ಬಾಣಂತನ

ನಮ್ಮ ಯಜಮಾನರು ಕೆಂಪಣ್ಣನವರು ಒಳ್ಳೆಯವರು. ಊರಲ್ಲಿ ಯಾರನ್ನು ಬೇಕಾದರೂ ಕೇಳಿ, ಹಾಗೇ ಹೇಳುತ್ತಾರೆ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆದಷ್ಟು ಕಾಲವೂ ಒಬ್ಬರಿಗೆ ಒಂದು ಕೆಟ್ಟ ಮಾತಾಡಲಿಲ್ಲ. ಇದನ್ನೆಲ್ಲ ಕೇಳಿ ಕೇಳಿ ನನಗೆ ಮೈ ಉರಿಯುತ್ತದೆ. ಇಂಥ ಒಳ್ಳೆಯವರ ಜೊತೆ ಜಗಳ ಆಡಿದರೆ ತಪ್ಪು ನಮ್ಮದೇ ಆಗಿಬಿಡುತ್ತದೆ ನೋಡಿ.

ಅವರಿಗೊಂದು ಮೋಟಾರ್ ಸೈಕಲ್ ಇದೆ, ಹಳೇ ಎಜ್ಡಿ. ನನ್ನನ್ನು ಮದುವೆಯಾಗುವ ಮೊದಲೇ ತಂದದ್ದು, ಹಾಗಾಗಿ ಈ ಮನೆಯಲ್ಲಿ ಅದು ನನಗಿಂತ ಹಿರಿಯದು. ಬೇಸಿಗೆ ಪೂರ್ತಿ ಸೋಮವಾರಪೇಟೆ ಸಂತೆಗೆ ಅದರಲ್ಲೇ ಓಡಾಟ. ಮೃಗಶಿರ ಮಳೆ ಹಿಡಿಯಿತೋ, ಗಾಡಿಯನ್ನು ಮಲಗಿಸುತ್ತಾರೆ. ಮತ್ತೆ ಎಬ್ಬಿಸುವುದು ಆಯುಧಪೂಜೆಗೆ. ನಮ್ಮ ಕಡೆ ಮಳೆಗಾಲದಲ್ಲಿ ಕಬ್ಬಿಣಕ್ಕೆ ತುಕ್ಕು, ಚರ್ಮಕ್ಕೆ ಬೂಷ್ಟು, ಅದು ಸುಳ್ಳಲ್ಲ. ನನ್ನ ತಕರಾರು ಮಲಗಿಸುವುದರ ಮೇಲಲ್ಲ, ಮಲಗಿಸುವ ಜಾಗದ ಮೇಲೆ.

ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಒಣಗಿರುವುದು ಒಂದೇ ಕೋಣೆ. ಬಚ್ಚಲ ಹಂಡೆಯ ಒಲೆ ಆ ಕೋಣೆಯ ಗೋಡೆಗೆ ಅಂಟಿಕೊಂಡಿದೆ. ದಿನವಿಡೀ ಸೌದೆ ಉರಿಯುವುದರಿಂದ ಗೋಡೆ ಬೆಚ್ಚಗಿರುತ್ತದೆ. ಒಂದು ಮಂಚ ಹಿಡಿಸಿದರೆ ಮುಗಿಯಿತು, ಅಷ್ಟೇ ಜಾಗ. ವರ್ಷಾ ವರ್ಷಾ ಗಾಡಿ ಹೋಗುವುದು ಆ ಕೋಣೆಗೇ.

ಈ ವರ್ಷ ಮಗಳು ಮಾನಸಳದು ಚೊಚ್ಚಲ ಹೆರಿಗೆ. ಕುಶಾಲನಗರದ ಗಂಡನ ಮನೆಯಿಂದ ಫೋನ್ ಮಾಡಿದಳು. "ಅಮ್ಮ, ಮುಂದಿನ ತಿಂಗಳು ಅಂದ್ರು ಡಾಕ್ಟ್ರು. ಆಸ್ಪತ್ರೆಯಿಂದ ಸೀದಾ ನಮ್ಮನೆಗೇ ಬರ್ತೀನಿ. ಬೆಚ್ಚನೆ ಕೋಣೆ ರೆಡಿ ಮಾಡಿಡು" ಎಂದಳು. ಅವಳ ಅಪ್ಪ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡು, "ಬರ್ಲಿ ಬರ್ಲಿ" ಎಂದು ತಲೆ ಆಡಿಸಿದರು. ನನಗೆಷ್ಟು ಸಂತೋಷ! ಹಳೇ ಸೀರೆ ಒಗೆದು ಮಡಿಸಿಟ್ಟು, ಮಂಚ ಒರೆಸೋಣ ಎಂದು ಕೋಣೆಗೆ ಹೋದರೆ, ಅಯ್ಯೋ ನನ್ನ ಕರ್ಮವೇ, ಮಂಚ ಮಾಯ. ಕೋಣೆಯ ನಡುವೆ ಗಾಡಿ ನಿಂತಿದೆ, ಇವರು ಅದರ ಮುಂದೆ ಮಣೆ ಹಾಕಿಕೊಂಡು ಕೂತಿದ್ದಾರೆ.

ಆ ಉಪಚಾರ ನೋಡಬೇಕು ನೀವು! ಟ್ಯಾಂಕಿನ ಪೆಟ್ರೋಲು ಕೊನೇ ತೊಟ್ಟಿನವರೆಗೆ ಇಳಿಸಿದರು. ಪ್ಲಗ್ ಬಿಚ್ಚಿ, ಆ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟರು, ಕೂಸಿಗೆ ಔಷಧಿ ಕುಡಿಸಿದ ಹಾಗೆ. ಒಳಗೆಲ್ಲ ಹರಡಲಿ ಎಂದು ಕಿಕ್ಕರನ್ನು ಮೆಲ್ಲಗೆ ಒತ್ತಿದರು. ಚೈನಿಗೆ ಗ್ರೀಸು. ಇಲಿ ಹೊಗಬಾರದು ಎಂದು ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿದ್ದಾಯಿತು. ಬಾಣಂತಿ ಕಿವಿಗೆ ಹತ್ತಿ ಇಡುವುದಿಲ್ಲವೇ, ಹಾಗೆ. ನೆಲದ ಥಂಡಿ ಟೈರಿಗೆ ತಾಗಬಾರದು ಎಂದು ಕೆಳಗೊಂದು ಹಲಗೆ. ಬ್ಯಾಟರಿ ಬಿಚ್ಚಿ ಕಪಾಟಿನಲ್ಲಿಟ್ಟರು. ಕೊನೆಗೆ ಮೇಲೆ ಹೊದಿಸಲು ನನ್ನ ತವರಿನ ಉಣ್ಣೆ ಕಂಬಳಿ!

"ಪ್ಲಾಸ್ಟಿಕ್ ಹೊದಿಸಿ ಅದಕ್ಕೆ" ಎಂದೆ.

"ಪ್ಲಾಸ್ಟಿಕ್ ಹಾಕಿದ್ರೆ ಒಳಗೇ ಬೆವರುತ್ತೆ ಮಾರಾಯ್ತಿ. ಗಾಳಿ ಆಡ್ಬೇಕು."

"ಮಾನಸ ಎಲ್ಲಿ ಮಲಗ್ತಾಳೆ?"

"ಮುಂದಿನ ಕೋಣೇಲಿ. ಗೋಡೆಗೆ ಒಂದು ಪ್ಲಾಸ್ಟಿಕ್ ಹೊಡೆದ್ರಾಯ್ತು."

ನನ್ನ ನೆತ್ತಿ ಸಿಡಿಯಿತು. ಗಾಡಿಗೆ ಕಂಬಳಿ, ಮಗಳಿಗೆ ಪ್ಲಾಸ್ಟಿಕ್ಕು!

ಆ ಮುಂದಿನ ಕೋಣೆ ನನಗೆ ಗೊತ್ತು. ಮಾನಸ ಹುಟ್ಟಿದ್ದೂ ಇಂಥದೇ ಮಳೆಯಲ್ಲಿ. ಆಗಲೂ ಬೆಚ್ಚನೆ ಕೋಣೆಯಲ್ಲಿ ಗಾಡಿ ಇತ್ತು. ಒಂದು ಮೂಲೆಗೆ ಸರಿಸಿ ನಾವೂ ಇರೋಣವೆಂದರೆ ಪೆಟ್ರೋಲು ವಾಸನೆ, ಕೆಂಡ ಇಡುವ ಹಾಗಿಲ್ಲ, ಲೋಭಾನ ಹಾಕುವ ಹಾಗಿಲ್ಲ. ಅತ್ತೆಯವರು "ಗಂಡಸರ ವಸ್ತು, ಇರಲಿ ಬಿಡು" ಎಂದುಬಿಟ್ಟರು. ಆಗೆಲ್ಲ ನನ್ನ ಮಾತು ಅಡುಗೆಮನೆ ದಾಟುತ್ತಿರಲಿಲ್ಲ. ಹಸಿ ಬಾಣಂತಿ ನಾನು, ಎಳೇ ಕೂಸನ್ನು ಎದೆಗೆ ಅವುಚಿಕೊಂಡು ಆ ಒದ್ದೆ ಗೋಡೆಯ ಪಕ್ಕ ಮಳೆಗಾಲ ಕಳೆದೆ. ಕೂಸಿಗೆ ಕೆಮ್ಮು ಹಿಡಿಯಿತು. ಆ ಕೆಮ್ಮು ಅವಳನ್ನು ಬಿಡಲೇ ಇಲ್ಲ. ಸ್ಕೂಲಿಗೆ ಹೋಗುವಾಗ ಉಬ್ಬಸ, ಮದುವೆ ಮಂಟಪದಲ್ಲಿ ಹೊಗೆಗೆ ಉಬ್ಬಸ, ಇವತ್ತಿಗೂ ಅವಳ ಬ್ಯಾಗಿನಲ್ಲಿ ಇನ್ಹೇಲರ್ ಇರಲೇಬೇಕು. ಈಗ ಅವಳ ಕೂಸನ್ನೂ ಅದೇ ಗೋಡೆಗೆ ಒಪ್ಪಿಸಬೇಕಂತೆ!

"ಈ ಸಲ ಗಾಡಿ ಮುಂದಿನ ಕೋಣೆಗೆ ಹೋಗುತ್ತೆ" ಎಂದೆ.

ಅವರು ಗಾಬರಿಯಾಗಿ ಎದ್ದು ನಿಂತರು. "ತಲೆ ಕೆಟ್ಟಿದೆಯಾ ನಿಂಗೆ? ಆ ಗೋಡೇಲಿ ನೀರು ಇಳಿಯುತ್ತೆ ಕಣೇ! ಅಲ್ಲಿಟ್ರೆ ಒಂದು ತಿಂಗಳಲ್ಲಿ ತುಕ್ಕು ತಿಂದ್ಹಾಕುತ್ತೆ. ಅದೇನು ಗಾಡಿ ಇಡೋ ಜಾಗಾನಾ?"

"ಹೌದಾ? ಹಾಗಾದ್ರೆ ಹೆಂಗಸರನ್ನ ಇಡೋ ಜಾಗಾನಾ? ಕಬ್ಬಿಣ ತಡ್ಕೊಳ್ದೆ ಇದ್ದದ್ದನ್ನ ನಿಮ್ಮ ಕೂಸು ತಡ್ಕೊಳ್ಬೇಕಿತ್ತಾ? ಗೊತ್ತಿತ್ತಲ್ರೀ ನಿಮ್ಗೆ! ಅಲ್ಲಿ ನೀರು ಇಳಿಯುತ್ತೆ ಅಂತ ಗೊತ್ತಿದ್ದೂ ನಮ್ಮನ್ನ ಅಲ್ಲಿ ಮಲಗಿಸಿದ್ರಲ್ರೀ!"

"ಒಂದು ಹೀಟರ್ ತಂದು ಹಾಕೋಣ ಬೇಕಾದ್ರೆ" ಎಂದರು. ಮಳೆಗಾಲದಲ್ಲಿ ನಮ್ಮೂರಿಗೆ ಕರೆಂಟು ಬರುವುದು ನೆಂಟರು ಬಂದ ಹಾಗೆ. ಹೀಟರ್ ಅಂತೆ ಹೀಟರ್!

ಪಕ್ಕದ ಮನೆ ಹುಚ್ಚಮ್ಮನನ್ನು ಕೂಗಿದೆ. ಸೊಂಟಕ್ಕೆ ಸೆರಗು ಬಿಗಿದು, ಸ್ಟ್ಯಾಂಡಿನಿಂದ ಗಾಡಿ ಇಳಿಸಿ, ಹೊಸಿಲಿಗೆ ಹಲಗೆ ಕೊಟ್ಟು, ಇಬ್ಬರೂ ಸೇರಿ ತಳ್ಳಿದೆವು. "ನಿಧಾನ, ನಿಧಾನ, ಹ್ಯಾಂಡಲ್ ತಾಗುತ್ತೆ!" ಎಂದು ಇವರು ಹಿಂದೆ ಹಿಂದೆಯೇ ಬಂದರು. ಕೈ ಜೋಡಿಸಲೂ ಇಲ್ಲ, ತಡೆಯಲೂ ಇಲ್ಲ. ಮುಂದಿನ ಕೋಣೆಯ ಒದ್ದೆ ಗೋಡೆಯ ಪಕ್ಕ ನಿಲ್ಲಿಸಿ ಬಂದೆ. "ಅಷ್ಟು ಚಿಂತೆ ಇದ್ರೆ ನೀವೂ ಅಲ್ಲೇ ಮಲಗಿ, ಕಾವಲಿಗೆ" ಎಂದೆ. ರೋಷಕ್ಕೆ ಅವರು ನಿಜವಾಗಿಯೂ ಅಲ್ಲೇ ಹಾಸಿಗೆ ಹಾಸಿಕೊಂಡರು.

ಮಾನಸ ಗಂಡುಕೂಸು ಹೆತ್ತು ಬಂದಳು. ಬೆಚ್ಚನೆ ಕೋಣೆಯಲ್ಲಿ ಮಂಚ, ಕೆಂಡ, ಲೋಭಾನ, ಎಲ್ಲ ನಡೆಯಿತು. ಹೊರಗೆ ಪುಷ್ಯ ಮಳೆ ಧೋ ಎಂದು ಸುರಿಯುತ್ತಿದ್ದರೂ ಕೂಸಿನ ಎದೆ ಗೊರ ಗೊರ ಎನ್ನಲಿಲ್ಲ. ದಿನಾ ಸ್ನಾನ ಮಾಡಿಸುವಾಗ ನಾನು ಅದರ ಬೆನ್ನಿಗೆ ಕಿವಿಯಿಟ್ಟು ಕೇಳುತ್ತಿದ್ದೆ.

ಕೆಮ್ಮು ಶುರುವಾದದ್ದು ಮುಂದಿನ ಕೋಣೆಯಲ್ಲಿ. ಮೊದಲು ಖೊಕ್ ಖೊಕ್ ಎಂದು ಸಣ್ಣಗೆ, ಆಮೇಲೆ ಎದೆ ಕಿತ್ತು ಬರುವ ಹಾಗೆ. ಒಂದು ಬೆಳಿಗ್ಗೆ ಕಷಾಯ ತೆಗೆದುಕೊಂಡು ಹೋದೆ. ಗಾಡಿ ಬರಿಮೈಯಲ್ಲಿ ನಿಂತಿತ್ತು, ಕಂಬಳಿ ಇವರ ಮೈಮೇಲಿತ್ತು. ಕೈಯಲ್ಲೊಂದು ಬಟ್ಟೆ ಹಿಡಿದು ಹ್ಯಾಂಡಲನ್ನು ಒರೆಸುತ್ತಿದ್ದರು.

"ನೋಡು ಸಿದ್ದಮ್ಮ, ಇಲ್ಲಿ. ತುಕ್ಕು ಹಿಡೀತು" ಎಂದರು.

ನಾನು ಲೋಟವನ್ನು ಕಿಟಕಿಯಲ್ಲಿ ಕುಕ್ಕಿದೆ. "ಗಾಡೀದು ಉಜ್ಜಿದ್ರೆ ಹೋಗುತ್ತೆ ಕಣ್ರೀ. ಮಗಳ ಎದೇಲಿ ಕೂತಿರೋದನ್ನ ಯಾವ ಬಟ್ಟೇಲಿ ಉಜ್ತೀರಾ?"

ಅವರು ಆ ಒದ್ದೆ ಗೋಡೆಯ ಕಡೆ ನೋಡಿದರು. ಆಮೇಲೆ ಬಟ್ಟೆಯನ್ನು ಸೀಟಿನ ಮೇಲೆ ಬಿಟ್ಟು, ಕೆಮ್ಮುತ್ತಲೇ ಹಿತ್ತಲಿಗೆ ಹೋದರು. ಒಣಗಿದ ಸೌದೆಯನ್ನೇ ಹುಡುಕಿ ಒಂದು ಹೊರೆ ತಂದು, ಬಚ್ಚಲ ಒಲೆಗೆ ಒಂದೊಂದಾಗಿ ಒಡ್ಡಿ, ಉರಿ ಚೆನ್ನಾಗಿ ಹಿಡಿಯುವವರೆಗೆ ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಗೋಡೆಯ ಆಚೆ ಕೂಸು ಮಲಗಿತ್ತು. ನನಗಿನ್ನೂ ಸಿಟ್ಟು ಇಳಿದಿರಲಿಲ್ಲ.